ತೀರ್ಥಹಳ್ಳಿಗೆ ಹೊತ್ತುಕೊಂಡು ಹೋದ ನಕ್ಷತ್ರ

ಸಾಗರದಿಂದ ಏಳೂವರೆಯ ಬಸ್ಸು. ಖಾಸಗಿ ಬಸ್ಸಾದ್ದರಿಂದ ಹೆಂಗಸರಿಗೂ ಟಿಕೆಟ್ ಉಂಟು, ಗೊಣಗುತ್ತಲೇ ದುಡ್ಡು ಕೊಟ್ಟೆ. ತೀರ್ಥಹಳ್ಳಿಯ ಕಾಲೇಜೊಂದರಲ್ಲಿ ನ್ಯೂಟ್ರಾನ್ ನಕ್ಷತ್ರಗಳ ಬಗ್ಗೆ ಮಾತಾಡಲು ಹೊರಟಿದ್ದೆ. ನನ್ನ ಸಂಶೋಧನೆ ಅವುಗಳ ಒಳಗಿನ ದ್ರವ್ಯದ ಮೇಲೆಯೇ. ಭೌತಶಾಸ್ತ್ರಕ್ಕೆ ಹತ್ತು ಮಂದಿ ಸೇರದಿದ್ದರೆ ಆ ಕಾಲೇಜಿನಲ್ಲಿ ಈ ವರ್ಷ ತರಗತಿಯೇ ಇಲ್ಲ. ಬಂದಿದ್ದು ಏಳು ಹೆಸರು. "ಹೇಗಾದ್ರೂ ಮೂರು ಜನರನ್ನ ಹಿಡೀಬೇಕು ಮೇಡಂ," ಎಂದು ಅಲ್ಲಿನ ಮೇಷ್ಟ್ರು ಫೋನಿನಲ್ಲಿ ಹೇಳಿದ್ದರು.

ತೋರಿಸಲೆಂದು ಸ್ಪಂಜು, ಸೀಸದ ಗುಂಡು, ತಕ್ಕಡಿಯನ್ನೆಲ್ಲ ರಟ್ಟಿನ ಪೆಟ್ಟಿಗೆಗೆ ತುಂಬಿ ಡ್ರೈವರ್ ಪಕ್ಕ ಇಟ್ಟಿದ್ದೆ. ಹೊಸನಗರದಲ್ಲಿ ಹತ್ತು ನಿಮಿಷ ನಿಲುಗಡೆ. ಬನ್ಸ್ ತಿಂದು ಚಹಾ ಕುಡಿದು ಬರುವಷ್ಟರಲ್ಲಿ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. "ಒಳಗೆ ಹೋಗಿ, ಇನ್ನೂ ಜಾಗ ಉಂಟು," ಎಂದು ಕಂಡಕ್ಟರ್ ತಳ್ಳುತ್ತಲೇ ಇದ್ದ.

ತೀರ್ಥಹಳ್ಳಿಯಲ್ಲಿ ಇಳಿದಾಗ ಪೆಟ್ಟಿಗೆ ಇಲ್ಲ.

"ಅದು ನಿಮ್ದಾ? ಮೇಲೆ ಹೊಸನಗರದ ಬೇಕರಿ ಹೆಸರಿತ್ತಲ್ಲ, ಅಲ್ಲೇ ಕೊಟ್ಬಿಟ್ಟೆ. ವಾಪಸ್ ಹೋಗ್ತಾ ಇಸ್ಕೊಳ್ಳಿ," ಎಂದ ಕಂಡಕ್ಟರ್.

ಈ ದಾರಿಯ ಬಸ್ಸುಗಳಲ್ಲಿ ಪೆಟ್ಟಿಗೆಗಳು ಮನುಷ್ಯರಿಲ್ಲದೆಯೂ ಪ್ರಯಾಣ ಮಾಡುತ್ತವೆ. ಮೇಲಿನ ಹೆಸರೇ ವಿಳಾಸ. ಹಳೆಯ ಬೇಕರಿ ಪೆಟ್ಟಿಗೆ ತಂದವಳು ನಾನು, ಬೈಯುವುದಾದರೂ ಯಾರನ್ನು? ಮೂರು ಹೆಸರು ಕೈತಪ್ಪಿದವೆಂದೇ ಹೆದರಿದೆ.

ಬರಿಗೈಯಲ್ಲಿ ತರಗತಿಗೆ ಹೋಗಿ ಬಸ್ಸಿನ ಕತೆಯನ್ನೇ ಹೇಳಿದೆ. ದೊಡ್ಡ ನಕ್ಷತ್ರ ಸಾಯುವಾಗ ಗುರುತ್ವ ಆ ಕಂಡಕ್ಟರನ ಹಾಗೆ ಒಳಕ್ಕೆ ತಳ್ಳುತ್ತದೆ. ಪರಮಾಣುವಿನೊಳಗಿನ ಖಾಲಿ ಜಾಗ ಹೋಗಿ, ಇಲೆಕ್ಟ್ರಾನು ಪ್ರೋಟಾನು ಸೇರಿ ನ್ಯೂಟ್ರಾನಾಗುತ್ತವೆ. ಹಾಗೆ ಉಳಿಯುವ ನ್ಯೂಟ್ರಾನ್ ನಕ್ಷತ್ರ ಸೂರ್ಯನಿಗಿಂತ ಭಾರ, ಆದರೂ ಸಾಗರ ಹೊಸನಗರಗಳ ನಡುವೆ ಹಿಡಿಸುತ್ತದೆ. ಒಂದು ಚಮಚ ತೆಗೆದರೆ ಬೆಟ್ಟದಷ್ಟು ತೂಕ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. "ಮೇಡಂ, ಅದರ ನಟ್ಟನಡುವೆ ಎಂತ ಇರ್ತದೆ?"

"ಗೊತ್ತಿಲ್ಲ," ಎಂದೆ. "ನ್ಯೂಟ್ರಾನೇ ಒಡೆದು ಬೇರೆ ಏನೋ ಆಗಿರಬಹುದು. ಎಂಟು ವರ್ಷದಿಂದ ಅದನ್ನೇ ಹುಡುಕ್ತಿದೀನಿ. ಯಾರಿಗೂ ಗೊತ್ತಿಲ್ಲ."

ಮೇಷ್ಟ್ರ ಮುಖ ಬಾಡಿತು. ಹುಡುಗಿ ಮಾತ್ರ ಕೂರಲಿಲ್ಲ.

"ಹಾಗಾದ್ರೆ ನಾವು ಓದಿ ಬರೋವರೆಗೂ ಬಾಕಿ ಇರ್ತದಾ?"

ಕೋಣೆಯೆಲ್ಲ ನಕ್ಕಿತು. "ಇರುತ್ತೆ, ಬಾ," ಎಂದೆ.

ಸಂಜೆ ಮೇಷ್ಟ್ರೇ ಬಸ್ ಸ್ಟ್ಯಾಂಡಿಗೆ ಬಿಟ್ಟರು. ಅಷ್ಟರಲ್ಲಿ ಹನ್ನೊಂದು ಹೆಸರಾಗಿದ್ದವು. ಬಸ್ಸು ಅಲುಗಿದಾಗ ಕಿಟಕಿಯ ಜೊತೆಗೇ ನಾಲ್ಕು ಹೆಜ್ಜೆ ಬಂದರು.

"ಇಷ್ಟು ವರ್ಷ ನನಗೆ ಗೊತ್ತಿಲ್ಲದ್ದನ್ನ ಮಕ್ಕಳು ಕೇಳಿದ್ರೆ, ಸಿಲಬಸ್ಸಲ್ಲಿಲ್ಲ ಅಂತ ಕೂರಿಸ್ತಿದ್ದೆ ಮೇಡಂ. ನಾಳೆಯಿಂದ ನಾನೂ ಗೊತ್ತಿಲ್ಲ ಅಂತೀನಿ."