ಸೆರಗಿನ ಮರೆಯ ಪಿಸ್ತೂಲು

ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಶುರು ಮಾಡಿದ ಎರಡನೇ ವರ್ಷ, ರಾಯಾಪುರದ ಹತ್ತಿರ ಇಬ್ಬರು ನನ್ನ ಟಾಂಗಾ ತಡೆದು ಔಷಧದ ಬ್ಯಾಗು ಕಿತ್ತುಕೊಂಡು ಹೋದರು. ಮೂವತ್ತರ ದಶಕದ ಕೊನೆಯ ಮಾತು. ಹೆರಿಗೆ ಮಾಡಿಸಲು ಹಳ್ಳಿಗಳಿಗೆ ಒಬ್ಬಳೇ ಹೋಗುತ್ತಿದ್ದೆ. ಧಾರವಾಡದಲ್ಲಿ ವಕೀಲರಾಗಿದ್ದ ನನ್ನ ಅಣ್ಣ ಸುದ್ದಿ ಕೇಳಿ ಸುಮ್ಮನಿರಲಿಲ್ಲ. ಓಡಾಡಿ ನನ್ನ ಹೆಸರಿಗೆ ಲೈಸನ್ಸ್ ಮಾಡಿಸಿ, ಅಂಗೈಗಿಂತ ಸ್ವಲ್ಪ ದೊಡ್ಡದಾದ ಪಿಸ್ತೂಲೊಂದನ್ನು ತಂದುಕೊಟ್ಟ. ಜೊತೆಗೆ ಒಂದು ಕರಾರು ಹಾಕಿದ: "ಉಸ್ತಾದರ ಕಡೆ ಕಲಿಯೂತನಕ ಇದನ್ನ ಮನಿ ಹೊರಗ ಒಯ್ಯಬ್ಯಾಡ."

ಉಸ್ತಾದರು ಹುಬ್ಬಳ್ಳಿಯ ಹಳೆಯ ಓಣಿಯಲ್ಲಿ, ತಮ್ಮ ಮನೆಯ ಮುಂದಿನ ಅಂಗಡಿಯಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದರು. ಬಿಳಿ ಗಡ್ಡ, ಎಣ್ಣೆ ಹತ್ತಿದ ಬೆರಳು, ಬಹಳ ಮೆಲುದನಿ. ಮೊದಲ ದಿನವೇ ನಾನು ಅವರನ್ನು ಚಾಚಾ ಎಂದು ಕರೆದೆ. ಅವರು ನನ್ನನ್ನು ಕೊನೆಯವರೆಗೂ ಗೌರವದಿಂದ ಬಾಯಾರ ಎಂದೇ ಕರೆದರು.

ಎರಡು ವಾರ ಅವರು ನನಗೆ ಒಂದು ಗುಂಡನ್ನೂ ಕೊಡಲಿಲ್ಲ. ಬರೀ ಪಿಸ್ತೂಲು ತೆರೆಯುವುದು, ಗುಂಡು ಕೂರುವ ಆರು ಗೂಡುಗಳನ್ನೂ ಕಿರುಬೆರಳಿನಿಂದ ಮುಟ್ಟಿ ಖಾಲಿ ಇದೆಯೇ ಎಂದು ನೋಡುವುದು, ಮುಚ್ಚುವುದು. ಕೆಳಗಿಟ್ಟು ಮತ್ತೆ ಎತ್ತಿಕೊಂಡರೆ ಮತ್ತೆ ತೆರೆದು ನೋಡಬೇಕು.

"ಈಗರ ನೋಡೇನಲ್ಲ ಚಾಚಾ," ಎಂದು ಒಮ್ಮೆ ಬೇಸರಪಟ್ಟೆ.

"ಆಗ ನೋಡಿದ್ದು ಆಗಿಂದಾತ್ರಿ. ಈಗ ಮತ್ತ ನೋಡ್ರಿ."

ಒಂದು ದಿನ ಅವರು ಕೇಳಿದರು. "ಬಾಯಾರ, ಹೆರಿಗಿ ಮಾಡಸಾಕ ಹೋಗ್ತೀರಲ್ಲ, ಕೈ ತೊಳಕೊಂಡು ಕುಂತ ಮ್ಯಾಲ ಇದು ಎಲ್ಲಿರತೈತ್ರಿ?"

"ಬ್ಯಾಗಿನ್ಯಾಗ."

"ಬ್ಯಾಗ್ ಎಲ್ಲಿರತೈತಿ?"

"ಬಾಜೂಕ, ನೆಲದ ಮ್ಯಾಲ."

"ಆ ಮನ್ಯಾಗ ಹುಡುಗ್ರು ಇರೂದಿಲ್ಲೇನ್ರಿ?"

ಹೆರಿಗೆಯ ಮನೆಯಲ್ಲಿ ಬಾಗಿಲ ಸಂದಿಯಿಂದ ಇಣುಕುವ ಹುಡುಗರು ಎಷ್ಟು ಜನ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವರ ತಾಯಂದಿರ ಬಗ್ಗೆ ಅಷ್ಟೆಲ್ಲ ಯೋಚಿಸುವ ನಾನು ಈ ಒಂದು ವಿಷಯ ಯೋಚಿಸಿಯೇ ಇರಲಿಲ್ಲ.

ಚಾಚಾ ಎರಡು ದಿನ ಪಾಠ ನಿಲ್ಲಿಸಿದರು. ಮೂರನೆಯ ದಿನ ಅವರ ಹೆಂಡತಿ ಒಳಗಿನಿಂದ ದಪ್ಪ ಖಾದಿಯ ಒಂದು ಸೊಂಟಪಟ್ಟಿ ತಂದರು. ತಾವೇ ಹೊಲಿದದ್ದು. ಪಿಸ್ತೂಲಿಗೆ ಗುಂಡಿ ಹಾಕುವ ಚೀಲ ಎಡಕ್ಕೆ, ಗುಂಡುಗಳಿಗೆ ಬೇರೆ ಚಿಕ್ಕ ಚೀಲ ಬಲಕ್ಕೆ. ನನ್ನನ್ನು ಒಳಗೆ ಕರೆದು, ಸೀರೆಯ ಒಳಗೆ ಕಟ್ಟಿ, ಬಗ್ಗಿಸಿ, ಕೂರಿಸಿ, ಎಬ್ಬಿಸಿ ನೋಡಿದರು. "ಎಲ್ಲೆರ ಚುಚ್ಚತೈತೇನ ಬೇಟಿ?" ಎಂದು ಎರಡು ಸಲ ಕೇಳಿದರು. ಆಮೇಲೆ ಚಾಚಾ ನಿಯಮ ಹೇಳಿದರು. ಯಾರದೇ ಮನೆಯ ಹೊಸ್ತಿಲು ದಾಟುವ ಮೊದಲು ಗುಂಡು ತೆಗೆದು ಬೇರೆ ಚೀಲಕ್ಕೆ ಹಾಕಬೇಕು. ಪಿಸ್ತೂಲು ಮೈಮೇಲಿಂದ ಇಳಿಯಕೂಡದು. ಅದು ನನ್ನ ಹತ್ತಿರ ಇದೆ ಎಂದು ಯಾರಿಗೂ ತೋರಿಸಿ ಹೆದರಿಸಕೂಡದು.

ಗುಂಡು ಹಾರಿಸುವುದನ್ನು ಕಲಿತದ್ದು ರಾಯಾಪುರದ ಆಚೆ, ಖಾಲಿ ಬಿದ್ದ ಕಲ್ಲುಗಣಿಯಲ್ಲಿ. ಪೊಲೀಸರಿಗೆ ಮೊದಲೇ ತಿಳಿಸಿ ಬೆಳಗಿನ ಹೊತ್ತು ಹೋಗುತ್ತಿದ್ದೆವು; ಚಾಚಿಯೂ ಜೊತೆಗೆ ಬರುತ್ತಿದ್ದರು. ನಾನು ಗಡಿಗೆಗೆ ಗುರಿಯಿಟ್ಟಾಗ ಅವರು ಎರಡೂ ಕಿವಿ ಮುಚ್ಚಿಕೊಂಡು ಬಂಡೆಯ ಹಿಂದೆ ಕೂರುತ್ತಿದ್ದರು. "ಬೆರಳು ಹೊರಗ," ಎನ್ನುತ್ತಿದ್ದರು ಚಾಚಾ. "ಮದ್ಲ ಮಾರಿ ನೋಡ್ರಿ. ಯಾರು, ಏನು ಅಂತ ತಿಳೀತನಕ ಬೆರಳು ಟ್ರಿಗರಿಗೆ ಹತ್ತಬಾರದು." ಗಡಿಗೆಗೆ ಎಲ್ಲಿಯ ಮಾರಿ, ಎಲ್ಲಿಯ ಮುಖ ಎಂದು ನಾನು ನಗುತ್ತಿದ್ದೆ.

ಆರೇಳು ತಿಂಗಳ ಮೇಲೆ, ಒಂದು ಮಧ್ಯಾಹ್ನ ಅದೇ ದಾರಿಯಲ್ಲಿ ಬರುತ್ತಿದ್ದಾಗ ಹಿಂದಿನಿಂದ ಯಾರೋ ಕೂಗಿದರು. ತಿರುಗಿ ನೋಡಿದರೆ, ಹೊಲದಿಂದ ಒಬ್ಬ ಗಂಡಸು ಓಡಿ ಬರುತ್ತಿದ್ದ. ಕೈಯಲ್ಲಿ ಕುಡುಗೋಲು. ಟಾಂಗಾದವನು ಹೆದರಿ ಕುದುರೆಗೆ ಚಾಟಿ ಬೀಸಿದ. ಹದಗೆಟ್ಟ ದಾರಿಯಲ್ಲಿ ಗಾಡಿ ಓಡಲಿಲ್ಲ, ಆ ಮನುಷ್ಯ ಹತ್ತಿರ ಬರುತ್ತಲೇ ಇದ್ದ. ನನ್ನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಪಿಸ್ತೂಲು ಸೆರಗಿನ ಮರೆಗೆ ಬಂತು. ಬೆರಳು ಟ್ರಿಗರಿನ ಮೇಲಿತ್ತು.

ಆಗ ಅವನ ಮುಖ ನೋಡಿದೆ. ಅವನು ಅಳುತ್ತಿದ್ದ.

ಬೆರಳು ಹೊರಗೆ ತೆಗೆದೆ. ಟಾಂಗಾ ನಿಲ್ಲಿಸಲು ಹೇಳಿದೆ. "ಡಾಕ್ಟರ್ ಬಾಯಾರನ ಹೌದಲ್ರಿ?" ಎಂದು ಅವನು ಗಾಲಿ ಹಿಡಿದುಕೊಂಡು ಏದುಸಿರು ಬಿಟ್ಟ. "ನಮ್ಮಾಕಿ ಹೊಲದಾಗ ಹೆರಿಗಿ ಬ್ಯಾನಿ ತಿನ್ನಾಕತ್ತಾಳ್ರಿ. ಕೈ ಮುಗೀತೇನಿ, ಬರ್ರಿ." ಕುಡುಗೋಲು ಕೈಯಲ್ಲಿದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಹೊಲದ ಗುಡಿಸಲಿನ ಹೊರಗೆ ನಿಂತು ಗುಂಡು ತೆಗೆಯುವಾಗ ಒಂದು ಕೈಜಾರಿ ಮಣ್ಣಿಗೆ ಬಿತ್ತು. ಹುಡುಕಿ, ಎಣಿಸಿ, ಚೀಲಕ್ಕೆ ಹಾಕಿಯೇ ಒಳಗೆ ಹೋದೆ. ಮಗು ಅಡ್ಡ ಬಂದಿತ್ತು. ಒಂದು ಗಂಟೆಯ ಮೇಲೆ ಹೆಣ್ಣು ಕೂಸು ಹುಟ್ಟಿತು, ತಾಯಿಯೂ ಉಳಿದಳು. ಆ ಗಂಡ ನನ್ನ ಕಾಲು ಮುಟ್ಟಲು ಬಂದಾಗ ಹಿಂದೆ ಸರಿದೆ. ಅವನ ಮುಖ ನೋಡಲು ನನ್ನಿಂದ ಆಗಲಿಲ್ಲ.

ಅಲ್ಲಿಂದ ಮನೆಗೆ ಹೋಗದೆ ನೇರ ಉಸ್ತಾದರಲ್ಲಿಗೆ ಹೋದೆ. ಪಿಸ್ತೂಲು ಮುಂದಿಟ್ಟು, "ಇದು ನನಗ ಬ್ಯಾಡ ಚಾಚಾ," ಎಂದು ಎಲ್ಲ ಹೇಳಿದೆ.

ಅವರು ಪೂರ್ತಿ ಕೇಳಿಸಿಕೊಂಡರು. "ಬೆರಳು ಟ್ರಿಗರಿಗೆ ಹತ್ತಿತ್ತೇನ್ರಿ?"

"ಹತ್ತಿತ್ತು."

"ಆಮ್ಯಾಲ ಹೊರಗ ಬಂತು?"

"ಬಂತು. ಆದರ ಮದ್ಲ ಮಾರಿ ನೋಡಲಿಲ್ಲ ನಾನು. ಅವಗ ಹೋಗಿ ಹೇಳಬೇಕಂತ ಅನಸ್ತದ."

ಚಾಚಾ ಬೇಡವೆಂದು ತಲೆಯಾಡಿಸಿದರು. "ಹೇಳಬ್ಯಾಡ್ರಿ. ಮಗಳು ಹುಟ್ಯಾಳ, ಖುಷಿಲೇ ಅದಾನ. ನಿಮ್ಮ ಭಾರ ಅವನ ಮ್ಯಾಲ ಹೊರಸಬ್ಯಾಡ್ರಿ. ನನಗ ಹೇಳೀರಿ, ಸಾಕು." ಪಿಸ್ತೂಲು ತೆರೆದು ಖಾಲಿ ಇದೆಯೇ ಎಂದು ಮುಟ್ಟಿ ನೋಡುತ್ತ ಅಂದರು, "ತಪ್ಪು ನಂದೂ ಐತಿ. ನಿಂತ ಗಡಿಗಿಗೆ ಕಲಿಸಿದೆ. ಓಡಿ ಬರೋ ಮನಶ್ಯಾಂದು ಕಲಿಸಲಿಲ್ಲ. ಇದು ಬೇಕೋ ಬ್ಯಾಡೋ ಆಮ್ಯಾಲ ನೋಡೂಣ್ರಿ. ನಾಳಿಂದ ಮತ್ತ ಬರ್ರಿ."

ಚಾಚಿ ನನ್ನ ಕೈಗೆ ನೀರು ಹಾಕಿ, ರೊಟ್ಟಿ ಪಲ್ಯ ಮುಂದಿಟ್ಟರು. ಪರಜಾತಿಯವರ ಮನೆಯಲ್ಲಿ ನಾನು ಉಂಡದ್ದು ಅದೇ ಮೊದಲು. ಉಂಡು ಅವರ ಚಾಪೆಯ ಮೇಲೆ ನಿದ್ದೆ ಹೋದೆ.

ಮುಂದಿನ ತಿಂಗಳೆಲ್ಲ ಅರವತ್ತು ದಾಟಿದ ಆ ಮುದುಕರು ಗಣಿಯಲ್ಲಿ ಒಂದೊಂದು ದಿನ ಕೋಲು, ಕೊಡೆ, ಕೊಡಲಿ ಹಿಡಿದು ನನ್ನ ಕಡೆ ಓಡಿ ಬಂದರು. ಪಿಸ್ತೂಲು ಬಂಡೆಯ ಮೇಲೆ ಖಾಲಿ ಇರುತ್ತಿತ್ತು. ನನ್ನ ಕೈಯಲ್ಲಿ ಏನೂ ಇಲ್ಲ. ಅವರ ಮುಖದಲ್ಲಿ ಏನಿದೆ ಎಂದು ಕೂಗಿ ಹೇಳುವುದಷ್ಟೇ ನನ್ನ ಕೆಲಸ. ಸಿಟ್ಟು, ಹೆದರಿಕೆ, ಅವಸರ. ಓಡಿ ಓಡಿ ಅವರಿಗೆ ದಮ್ಮು ಹತ್ತುತ್ತಿತ್ತು. ಚಾಚಿ ಬೈಯುತ್ತ ಬೆನ್ನು ನೀವುತ್ತಿದ್ದರು.

ಬೇಡ ಎಂಬ ಮಾತನ್ನು ಆಮೇಲೆ ನಾನು ಎತ್ತಲಿಲ್ಲ; ಮೂರು ವರ್ಷ ಪಿಸ್ತೂಲು ಇಟ್ಟುಕೊಂಡೇ ಓಡಾಡಿದೆ. ಮತ್ತೆಂದೂ ಹೊರಗೆ ತೆಗೆಯುವ ಪ್ರಸಂಗ ಬರಲಿಲ್ಲ. ಊರೊಳಗಿನ ದವಾಖಾನೆಯಲ್ಲಿ ಕೆಲಸ ಸಿಕ್ಕಾಗ ಲೈಸನ್ಸ್ ಜೊತೆ ಅದನ್ನು ಪೊಲೀಸ್ ಕಚೇರಿಗೆ ಒಪ್ಪಿಸಿದೆ. ಆ ಸಂಜೆ ಚಾಚಾರ ಅಂಗಡಿಗೆ ಹೋಗಿ, ಇನ್ನು ಇಲ್ಲಿಗೆ ಬರಲು ಕಾರಣ ಉಳಿಯಲಿಲ್ಲ ಎಂದೆ. ಚಾಚಿ ಒಳಗಿನಿಂದಲೇ ಅಂದರು:

"ಕಾರಣ ಯಾಕ ಬೇಕ ಬೇಟಿ? ಶುಕ್ರವಾರ ಉಣ್ಣಾಕ ಬಾ."

ಹುಬ್ಬಳ್ಳಿಯಲ್ಲಿ ಇರುವತನಕ ಪ್ರತಿ ಶುಕ್ರವಾರ ಹೋದೆ.