ಎರಡು ಮದ್ದು ಒಂದು ಹೊಟ್ಟೆಗೆ

ಆಗ ನನಗೆ ಐವತ್ತೊಂಬತ್ತು. ಹನ್ನೊಂದು ವರ್ಷ ಆಯಿತು. ಮೊನ್ನೆ ಕಟಪಾಡಿಯ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಳು ಮಗುವಿನ ನಾಲಿಗೆ ಮೇಲೆ ಸಣ್ಣ ಬಿಳಿ ಮಾತ್ರೆ ಇಟ್ಟು, "ಚೀಪು, ಜಗಿಯಬೇಡ" ಎಂದಳು. ಅದೇ ಹೋಮಿಯೋಪತಿಯವರ ಉಪ್ಪಿನ ಮಾತ್ರೆ. ಹೆಸರಿಗೆ ಉಪ್ಪು, ಬಾಯಿಗೆ ಸಿಹಿ. ನೋಡುತ್ತಾ ನಿಂತು ನನ್ನ ಬಸ್ಸು ತಪ್ಪಿತು.

ನನ್ನ ತಂಗಿ ಗಿರಿಜೆಗೆ ಸಣ್ಣದರಿಂದಲೇ ಫಿಟ್ಸ್. ಅವಳಿಗೆ ಮದುವೆ ಆಗಲಿಲ್ಲ, ನನ್ನ ಗಂಡ ಬೇಗ ಸತ್ತ. ಇಬ್ಬರೂ ಮಲ್ಲಿಗೆ ಬೆಳೆದು ಕಟ್ಟಿ ಬದುಕಿದವರು. ಡಾಕ್ಟರರ ಮಾತ್ರೆಯಿಂದ ನಾಲ್ಕು ವರ್ಷ ಫಿಟ್ಸ್ ಬಂದಿರಲಿಲ್ಲ, ಆದರೆ ತೂಕಡಿಕೆ. ಮೊಗ್ಗು ಯಾರಿಗೂ ಕಾಯುವುದಿಲ್ಲ ನೋಡಿ. ಬೆಳಕು ಹರಿಯುವಾಗ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಬಿಸಿಲು ಏರುವ ಮೊದಲು ವ್ಯಾಪಾರದವರ ಹೂವಿನ ಕಟ್ಟೆಗೆ ಮುಟ್ಟಿಸಬೇಕು. ಇವಳು ಬುಟ್ಟಿಗೇ ತಲೆ ಹಾಕಿ ನಿದ್ರೆ.

"ಮೂಗು ತಾಗಿದ ಹೂ ದೇವರಿಗೆ ಆಗುವುದಿಲ್ಲ ಮಾರಾಯ್ತಿ" ಎಂದು ಬೈಯುತ್ತಿದ್ದೆ.

"ಹಾಗಾದರೆ ಮೂಗನ್ನೂ ಸೇರಿಸಿ ಕಟ್ಟು" ಎನ್ನುತ್ತಿದ್ದಳು.

ನಮ್ಮ ಓಣಿಯಲ್ಲಿ ರಿಟೈರ್ ಆದ ಮಾಷ್ಟ್ರು ಒಬ್ಬರು ಹನ್ನೆರಡು ಬಾಟಲಿ ಇಟ್ಟುಕೊಂಡು ಈ ಮಾತ್ರೆ ಪುಕ್ಕಟೆ ಕೊಡುತ್ತಿದ್ದರು. "ಶರೀರದಲ್ಲಿ ಹನ್ನೆರಡು ಉಪ್ಪು ಉಂಟು, ಒಂದು ಕಮ್ಮಿ ಆದರೆ ಕಾಯಿಲೆ" ಎಂದು ಅವರ ಲೆಕ್ಕ. ಗಿರಿಜೆಯ ತೂಕಡಿಕೆಗೆ ಕಾಲಿ ಫಾಸ್ ಎಂಬ ಉಪ್ಪು ಕೊಟ್ಟರು. ಬಾಗಿಲ ತನಕ ಬಂದು ಹೇಳಿದರು: "ಫಿಟ್ಸಿನ ಮಾತ್ರೆ ಮಾತ್ರ ಒಂದು ದಿನವೂ ಬಿಡಬಾರದು."

ನಾನು ಬಿಡಿಸಿದೆ. ಎರಡು ಮದ್ದು ಒಂದು ಹೊಟ್ಟೆಗೆ ಹಾಕುವ ಕ್ರಮ ನಮ್ಮಲ್ಲಿ ಇಲ್ಲ. ಅಮ್ಮ ಕಾಮಾಲೆಗೆ ಸೊಪ್ಪು ಅರೆದು ಕೊಡುವಾಗ ಬೇರೆ ಮದ್ದೆಲ್ಲ ನಿಲ್ಲಿಸಿಯೇ ಕೊಡುತ್ತಿದ್ದದ್ದು. ಎರಡೂ ಒಳಗೆ ಜಗಳ ಆಡುತ್ತವೆ ಅಂತ.

"ಮಾಷ್ಟ್ರು ಬಿಡಬಾರದು ಅಂದರಲ್ವಾ?" ಎಂದಳು ಗಿರಿಜೆ.

"ಮಾಷ್ಟ್ರಿಗೆ ಪಥ್ಯ ಎಂತ ಗೊತ್ತುಂಟು?" ಎಂದೆ.

ಎಂಟು ದಿನ ಅವಳ ಕೈ ಓಡಿದ್ದು ಹೇಳುವುದು ಬೇಡ. ನನಗಿಂತ ಮೊದಲು ಬುಟ್ಟಿ ಖಾಲಿ. ಒಂಬತ್ತನೇ ದಿನ ಬಚ್ಚಲ ಒಲೆಗೆ ಬೆಂಕಿ ಹಾಕುವಾಗ ಫಿಟ್ಸ್ ಬಂದು ಬಿದ್ದಳು. ನಾನು ಹಿತ್ತಿಲಿನಲ್ಲಿ ಕೊಯ್ಯುತ್ತಿದ್ದೆ. ವಾಸನೆಗೆ ಓಡಿ ಬಂದೆ. ಬಲಗೈ ಒಲೆಯ ಒಳಗೆ ಇತ್ತು.

ಮಣಿಪಾಲದ ಆಸ್ಪತ್ರೆಯಲ್ಲಿ ಡಾಕ್ಟರು ಹುಡುಗಿ ಕೇಳಿದಳು: "ಮಾತ್ರೆ ನಿಲ್ಲಿಸಲು ಹೇಳಿದ್ದು ಯಾರು?" ನಾನು ಮಾಷ್ಟ್ರ ಹೆಸರು ಹೇಳಿದೆ. ಅವಳು ಬರೆದುಕೊಂಡಳು. ಗಿರಿಜೆಗೆ ಎಚ್ಚರ ಇತ್ತು. ನನ್ನನ್ನು ನೋಡಿ ಮುಖ ಗೋಡೆಗೆ ತಿರುಗಿಸಿದಳು. ಮೂರು ಬೆರಳು ಉಳಿಯುವುದಿಲ್ಲ ಎಂದು ಸಂಜೆ ತಿಳಿಯಿತು. ನೋಡಲು ಬಂದ ಊರಿನವರು, "ಆ ಮಾಷ್ಟ್ರನ್ನು ಸುಮ್ಮನೆ ಬಿಡುವುದಿಲ್ಲ" ಎಂದರು. ನಾನು ಅವರು ತಂದ ಚಾ ಕುಡಿದೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಕಟಪಾಡಿಗೆ ಬಂದು ಮಾಷ್ಟ್ರ ಮನೆಗೆ ಹೋದೆ. ಊರಿನವರು ರಾತ್ರಿಯೇ ಅವರಿಗೆ ಬೈದು ಹೋಗಿದ್ದರಂತೆ. ಮಾಷ್ಟ್ರು ಬಾಟಲಿಗಳನ್ನು ತೆಂಗಿನ ಬುಡದಲ್ಲಿ ಸುರಿಯುತ್ತಿದ್ದರು. ನನ್ನನ್ನು ಕಂಡು, "ಬಿಡಬಾರದು ಎಂದು ನಾನು ಹೇಳಿದ್ದೆನಾ, ಇಲ್ಲವಾ? ನನಗೇ ಈಗ ಖಾತ್ರಿ ಇಲ್ಲ" ಎಂದರು.

"ಹೇಳಿದ್ದೀರಿ. ನಿಲ್ಲಿಸಿದ್ದು ನಾನು. ನಿಮ್ಮ ಹೆಸರು ಕೊಟ್ಟದ್ದೂ ನಾನು" ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನಾನು ತಿರುಗಿ ಮಣಿಪಾಲದ ಬಸ್ಸು ಹತ್ತಿ, ಆ ಹುಡುಗಿಯನ್ನು ಹುಡುಕಿ, ಬರೆದದ್ದಕ್ಕೆ ಗೀಟು ಹಾಕಿಸಿ ನನ್ನ ಹೆಸರು ಬರೆಸಿದೆ. ಕನ್ನಡದಲ್ಲೇ ಬರೆಯಲು ಹೇಳಿದೆ, ಗಿರಿಜೆಗೆ ಓದಲು.