ಹುಳ ಜ್ವರಕ್ಕೆ ಕೂತಾಗ ಕೊಳಲು

ನನ್ನ ತವರು ಮರಳವಾಡಿಯಲ್ಲಿ ತಂಗಿಯ ಮಗುವಿಗೆ ನಾಮಕರಣದ ಮಾತು ನಡೆಯುತ್ತಿತ್ತು. ಹಾಡು ಹಾಕೋಕೆ ಸ್ಪೀಕರ್ ತರಿಸೋಣ ಅಂದರು ಯಾರೋ. "ಸ್ಪೀಕರ್ ಯಾಕೆ? ನಾನೇ ಕೊಳಲು ನುಡಿಸ್ತೀನಿ" ಎಂದುಬಿಟ್ಟೆ. ಮದುವೆಯಾಗಿ ಕೈಲಾಂಚದ ಕಡೆಯ ರೇಷ್ಮೆ ಸಾಕುವ ಮನೆಗೆ ಬಂದಾಗಿನಿಂದ ನನ್ನ ಕೊಳಲು ಬೀರು ಬಿಟ್ಟು ಆಚೆ ಬಂದಿರಲಿಲ್ಲ. ನನ್ನ ಮಗಳೇ ಕಾಲೇಜಿಗೆ ಹೋಗುವಷ್ಟು ದೊಡ್ಡವಳಾಗಿದ್ದಳು.

ಪಕ್ಕದಲ್ಲೇ ಕೂತಿದ್ದ ನಮ್ಮತ್ತೆ ಎಲ್ಲರ ಮುಂದೆ ನಕ್ಕರು. "ಹುಳಕ್ಕೆ ಸೊಪ್ಪು ಹಾಕಾಕೇ ಹೊತ್ತಿಲ್ಲ, ಇವ್ಳು ಕೊಳ್ಲು ಊದ್ತಾಳಂತೆ!"

ನನಗೆ ಮೈಯೆಲ್ಲ ಉರಿದುಹೋಯಿತು. ಈಗ ನುಡಿಸದೆ ಹೋದರೆ ತವರಿನಲ್ಲೂ ಈ ಮನೆಯಲ್ಲೂ ಆ ನಗುವನ್ನು ಸಾಯುವ ತನಕ ಕೇಳಬೇಕಿತ್ತು.

ಮೊದಲು, ಹಿಂದೆ ಗುರುಗಳು ಹೇಳಿಕೊಟ್ಟಿದ್ದಂತೆ ಗಡಿಯಾರ ನೋಡಿ ಅಭ್ಯಾಸದ ಹೊತ್ತು ಗೊತ್ತುಮಾಡಿಕೊಂಡೆ. ಬೆಳಗಿನ ಜಾವ ದೀರ್ಘ ಸ್ವರ, ಸಂಜೆ ಅಲಂಕಾರ. ಒಂದು ವಾರವೂ ನಡೆಯಲಿಲ್ಲ. ರೇಷ್ಮೆ ಹುಳು ಸಾಕುವ ಮನೆಯಲ್ಲಿ ಆ ಎರಡು ಹೊತ್ತೂ ಸೊಪ್ಪು ಹಾಕುವ ಹೊತ್ತೇ. ಕೊಳಲು ತುಟಿಗೆ ಇಟ್ಟೆನೋ ಇಲ್ಲವೋ, ಹುಳದ ಮನೆಯಿಂದ ಕೂಗು.

ಆಮೇಲೆ ಹೊಳೆಯಿತು. ಹುಳು ಬೆಳೆಯುವಾಗ ನಡುನಡುವೆ ಮೇವು ಬಿಟ್ಟು, ತಲೆ ಎತ್ತಿಕೊಂಡು ಸುಮ್ಮನೆ ಕೂರುತ್ತದೆ. ಪೊರೆ ಕಳಚಿ ಏಳುವ ತನಕ ಅದಕ್ಕೆ ಸೊಪ್ಪು ಬೇಡ. ನಾವು ಅದಕ್ಕೆ ಜ್ವರ ಅನ್ನುತ್ತೇವೆ. ಹುಳಕ್ಕೆ ಜ್ವರ ಬಂದರೆ ನನಗೆ ಬಿಡುವು! ಗಡಿಯಾರ ಬಿಟ್ಟು ಹುಳದ ಲೆಕ್ಕ ಹಿಡಿದೆ. ಆ ಬೆಳೆಯ, ಅಂದರೆ ಆ ಸಲ ಸಾಕಿದ ಹುಳುಗಳ, ಜ್ವರಗಳಲ್ಲಿ ದೀರ್ಘ ಸ್ವರ ಮತ್ತು ಸರಳೆ, ಮುಂದಿನ ಬೆಳೆಯ ಜ್ವರಗಳಲ್ಲಿ ಅಲಂಕಾರ ಮತ್ತು ಮೋಹನ ರಾಗದ ಒಂದು ಕೀರ್ತನೆ. ಕೊನೇ ಜ್ವರದಿಂದ ಎದ್ದ ಹುಳು ರಾಕ್ಷಸನ ಹಾಗೆ ತಿನ್ನುತ್ತದೆ, ಊದಲು ಪುರುಸೊತ್ತು ಎಲ್ಲಿಯದು? ಆಗ ಹುಳು ತಿಂದು ಬಿಟ್ಟ ಬರೀ ಕಡ್ಡಿಯ ಮೇಲೆ ಬೆರಳಾಡಿಸಿಕೊಂಡು ಓಡಾಡುತ್ತಿದ್ದೆ. ಇಂಥ ಉಪಾಯ ನಮ್ಮ ಗುರುಗಳಿಗೂ ಹೊಳೆದಿರಲಿಕ್ಕಿಲ್ಲ.

ಒಂದು ಮಧ್ಯಾಹ್ನ ಮಾತ್ರ ಎದೆ ಒಡೆದುಹೋಯಿತು. ಹುಳು ಜ್ವರಕ್ಕೆ ಕೂತ ಮೇಲೆ ಅದರ ಕೆಳಗಿನ ಸೊಪ್ಪಿನ ಹಾಸು ಒಣಗಲಿ ಎಂದು ಸುಣ್ಣದ ಪುಡಿ ಉದುರಿಸುತ್ತೇವೆ. ಅದನ್ನು ಮುಗಿಸಿ ಆತುರಾತುರವಾಗಿ ಬಂದು ಊದಿದೆ. ಬರೀ ಗಾಳಿ. ಮತ್ತೆ ಊದಿದೆ, ಮತ್ತೂ ಗಾಳಿ. ತುಟಿಯ ಹದವೇ ಹೋಯಿತು, ನನ್ನ ಕಥೆ ಮುಗಿಯಿತು ಎಂದು ಅಲ್ಲೇ ಕೂತು ಅತ್ತುಬಿಟ್ಟೆ.

ಬಾಗಿಲಲ್ಲಿ ನಮ್ಮತ್ತೆ ನಿಂತಿದ್ದರು. "ತುಟಿ ತುಂಬ ಸುಣ್ಣ ಮೆತ್ತೈತಲ್ಲಮ್ಮಿ! ಮೊದ್ಲು ಮೊಕ ತೊಳಕೊಂಡು ಒಸಿ ಕೊಬ್ರಿ ಎಣ್ಣೆ ಹಚ್ಕೊ."

ತೊಳೆದು, ಎಣ್ಣೆ ಹಚ್ಚಿಕೊಂಡು ಸ್ವಲ್ಪ ಹೊತ್ತು ಬಿಟ್ಟು ಊದಿದೆ. ಷಡ್ಜ ತುಂಬಿಕೊಂಡು ಬಂತು. ಅವರು ಹುಳದ ಮನೆಯ ಕಡೆಗೆ ಹೋದರು.

ನಾಮಕರಣದ ದಿನ ಕೀರ್ತನೆ ಪೂರ್ತಿ ನುಡಿಸಿದೆ. ಚರಣದಲ್ಲಿ ಒಂದು ಕಡೆ ಉಸಿರು ಸಾಲದೆ ಹೋಯಿತು, ಆದರೆ ತಾಳ ತಪ್ಪಲಿಲ್ಲ. ಮುಗಿದಾಗ ತಲೆ ಎತ್ತಿ ಎಲ್ಲರನ್ನೂ ಒಂದು ಸುತ್ತು ನೋಡಿದೆ. ಯಾಕೆ ನೋಡಬಾರದು?

"ಅಷ್ಟು ಕೆಲಸದಲ್ಲಿ ಯಾವಾಗ ಅಭ್ಯಾಸ ಮಾಡಿದ್ಲು?" ಎಂದು ತಂಗಿಯ ಅತ್ತೆ ಕೇಳಿದರು. ನಾನು ಬಾಯಿ ತೆಗೆಯುವ ಮೊದಲೇ ನಮ್ಮತ್ತೆ ಸೆರಗು ಸರಿಮಾಡಿಕೊಂಡು ಹೇಳಿದರು: "ಹುಳ ಜ್ವರಕ್ಕೆ ಕೂತ್ರೆ ನಮ್ ಸೊಸೆ ಕೊಳ್ಲಿಗೆ ಕೂತ್ಕತಾಳೆ. ಸುಣ್ಣ ನಾನ್ ಹಾಕ್ತೀನಿ."

ಸುಳ್ಳಲ್ಲ. ಆ ಮಧ್ಯಾಹ್ನದಿಂದ ಅವರು ಸುಣ್ಣದ ಡಬ್ಬ ನನ್ನ ಕೈಗೆ ಕೊಟ್ಟೇ ಇರಲಿಲ್ಲ.